ಕೇಳಿದ್ದು ಎಂಟು, ಎತ್ತಿದ್ದು ಐದೂವರೆ: ನಡುವಿನ ನೀರಿನ ಲೆಕ್ಕ ಬರೆಯುವುದು ಹೇಗೆ

ಶಹಾಪುರ ತಾಲ್ಲೂಕಿನ ಒಂದು ನೀರು ಬಳಕೆದಾರರ ಸಂಘದ ರಿಜಿಸ್ಟರ್ ನನ್ನ ಕೈಗೆ ಬಂದ ವರ್ಷ, ಅದರಲ್ಲಿ ಎರಡೇ ಕಾಲಂ ಇದ್ದವು. ಕೇಳಿದ ನೀರು, ಬಂದ ನೀರು. ಸಾಕಲ್ವಾ ಅಂದುಕೊಂಡೆ. ಸೆಪ್ಟೆಂಬರಿನ ಒಂದು ರಾತ್ರಿ ಗುಡುಗು-ಸಿಡಿಲಿನ ಜೊತೆ ಮಳೆ ಹೊಡೆಯಿತು. ಮುಂಜಾನೆ ಎದ್ದು ನೋಡಿದರೆ ಎಲ್ಲರೂ ತಮ್ಮ ತಮ್ಮ ತೂಬು ಮುಚ್ಚಿ ಮನೆಗೆ ಹೋಗಿದ್ದರು. ಆದರೆ ನಾವು ಕೇಳಿದ್ದ ನೀರು ಕೇಳಿದಷ್ಟೇ ಬರುತ್ತಲೇ ಇತ್ತು. ಒಡ್ಡು ತಗ್ಗಾಗಿದ್ದ ಕಡೆ ಉಕ್ಕಿ, ಒಬ್ಬರ ಮೆಣಸಿನಕಾಯಿ ಹೊಲ ಕೆರೆಯಾಯಿತು. ಅದಾದ ಮೇಲಿನ ಸಭೆಯಲ್ಲಿ ಈ ನೀರು ಯಾರದ್ದು ಅಂತ ಜಗಳ. ಒಬ್ಬರು ಎದ್ದು ನಿಂತು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಣ್ಣಾ, ನಾವು ನೀರು ತಗೊಂಡೇ ಇಲ್ಲ, ನಮ್ಮ ಹೆಸರಿಗ್ಯಾಕ ಬರದ್ರಿ?"

ಅವರ ಪ್ರಶ್ನೆಗೆ ನನ್ನ ರಿಜಿಸ್ಟರ್‌ನಲ್ಲಿ ಉತ್ತರ ಇರಲಿಲ್ಲ. ಅವರು ನೀರು ತೆಗೆದುಕೊಂಡಿರಲಿಲ್ಲ, ನಿಜ. ಕೇಳಿದ್ದೂ ನಿಜ. ನೀರು ಬಂದದ್ದೂ ನಿಜ. ಈ ಮೂರು ನಿಜಗಳಿಗೆ ಮೂರು ಕಾಲಂ ಬೇಕು, ಅಷ್ಟೇ ಅಲ್ಲ, ನಡುವೆ ಉಳಿದ ನೀರು ಎಲ್ಲಿ ಹೋಯಿತು ಅನ್ನುವುದಕ್ಕೆ ಇನ್ನೂ ನಾಲ್ಕು ಬೇಕು. ಅದನ್ನು ಹೇಗೆ ಬರೆಯಬೇಕು ಅಂತ ಇಲ್ಲಿ ಹೇಳುತ್ತೇನೆ. ಸಂಘದ ಕಾರ್ಯದರ್ಶಿ, ನೀರುಗಂಟಿ, ಅಥವಾ ನಾಲ್ಕು ಮನೆಯವರು ಸೇರಿ ಒಂದು ತೂಬು ಹಂಚಿಕೊಂಡವರು, ಯಾರಿಗಾದರೂ ಬರುತ್ತದೆ.

ಎಕರೆ ಲೆಕ್ಕದಲ್ಲಿ ಬಿಲ್ ಬರುವಾಗ ಇದೆಲ್ಲ ಯಾಕೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನೀರಿನ ಕರ ಬೆಳೆ ಮತ್ತು ಎಕರೆ ನೋಡಿ ಹಾಕುತ್ತಾರೆ, ಕ್ಯೂಸೆಕ್ ನೋಡಿ ಅಲ್ಲ. ಹಾಗಿದ್ದರೆ ಎತ್ತದ ನೀರಿನ ಲೆಕ್ಕ ಸುಮ್ನೆ ತಲೆನೋವಲ್ವಾ?

ಅಲ್ಲ. ನಮ್ಮಲ್ಲಿ ದುಡ್ಡಿಗಿಂತ ತುಟ್ಟಿಯಾದದ್ದು ಪಾಳಿ, ಅಂದರೆ ನೀರು ಸಿಗುವ ಸರದಿ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆ 78 ಕಿಲೋಮೀಟರ್ ಉದ್ದ, 10,000 ಕ್ಯೂಸೆಕ್ ಹೊರುವಂತೆ ಕಟ್ಟಿದ್ದು. ಅದರಿಂದ ಶಹಾಪುರ, ಮುಡಬಾಳ, ಜೇವರ್ಗಿ ಹೀಗೆ ಶಾಖಾ ಕಾಲುವೆಗಳು, ಅವುಗಳಿಂದ ವಿತರಣಾ ಕಾಲುವೆ, ಉಪಕಾಲುವೆ, ಕೊನೆಗೆ ಹೊಲಗಾಲುವೆ. ನೀರಾವರಿ ಸಲಹಾ ಸಮಿತಿ ಕೂತು ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಅಂತ ವಾರಾಬಂದಿ ಹಾಕಿದ ಮೇಲೆ, ಚಾಲೂ ಇದ್ದ ದಿನ ಮೇಲಿನವನು ಕೇಳಿ ಬಿಟ್ಟುಬಿಟ್ಟ ನೀರು ಕಾಲುವೆ ಕೊನೆಯ ರೈತನಿಗೆ ಸಿಗದೆ ಹಳ್ಳ ಹಿಡಿಯಬಹುದು. ಹಳ್ಳ ಹಿಡಿದ ನೀರು ಕೃಷ್ಣೆಗೋ ಭೀಮೆಗೋ ಸೇರಿ ತೆಲಂಗಾಣದ ಜುರಾಲ ಅಣೆಕಟ್ಟಿನ ಕಡೆ ನಡೆದುಬಿಡುತ್ತದೆ. ಅದನ್ನು ಯಾರೂ ವಾಪಸ್ ಕರೆಯಲಾರರು. ಆ ಪಾಳಿಯೂ ವಾಪಸ್ ಬರುವುದಿಲ್ಲ.

ಇನ್ನೊಂದು ಕಾರಣವೂ ಇದೆ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿಯ ನಂತರ ಬಳಕೆದಾರರ ಸಹಕಾರ ಸಂಘಗಳಿಗೆ ನೀರನ್ನು ಅಳತೆ ಮಾಡಿ ಸಗಟಾಗಿ ಕೊಡುವ ದಾರಿ ತೆರೆದಿದೆ. ಅಳತೆಯ ಮೇಲೆ ನೀರು ತೆಗೆದುಕೊಳ್ಳುವ ಸಂಘ ತನ್ನ ಒಳಲೆಕ್ಕ ಇಡದಿದ್ದರೆ, ಹಳ್ಳಕ್ಕೆ ಹೋದದ್ದೂ ಸಂಘದ ತಲೆಯ ಮೇಲೇ ಬೀಳುತ್ತದೆ.

ಮೊದಲು ಅಳತೆ. ತಲೆಯಲ್ಲಿ ಇರಬೇಕಾದ ನಾಲ್ಕು ಅಂಕಿ

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. ಅದು ಒಂದು ದಿನ ಪೂರ್ತಿ ಹರಿದರೆ 86,400 ಘನ ಅಡಿ. ಇದನ್ನು ಒಂದು ಕ್ಯೂಸೆಕ್-ದಿನ ಅನ್ನೋಣ. ಒಂದು ಟಿಎಂಸಿಗೆ, ಅಂದರೆ ನೂರು ಕೋಟಿ ಘನ ಅಡಿಗೆ, ಇಂಥವು 11,574 ಬೇಕು. ಪೇಪರಿನಲ್ಲಿ ಟಿಎಂಸಿ ಓದಿ ಓದಿ ಅದು ಎಷ್ಟು ದೊಡ್ಡದು ಅಂತ ನಮಗೆ ಮರೆತೇ ಹೋಗಿದೆ.

ನಾಲ್ಕನೆಯದೇ ನಿಜವಾಗಿ ಉಪಯೋಗಕ್ಕೆ ಬರುವುದು: ಒಂದು ಕ್ಯೂಸೆಕ್ ಒಂದು ಗಂಟೆ ಹರಿದರೆ ಒಂದು ಎಕರೆಯಲ್ಲಿ ಹತ್ತಿರಹತ್ತಿರ ಒಂದು ಇಂಚು ನೀರು ನಿಲ್ಲುತ್ತದೆ. ಗಂಟೆಗೆ 3,600 ಘನ ಅಡಿ, ಎಕರೆ-ಇಂಚಿಗೆ 3,630. ಇಷ್ಟು ಸಲೀಸಾಗಿ ಹೊಂದುವ ಲೆಕ್ಕ ಮತ್ತೊಂದಿಲ್ಲ. ಹತ್ತಿಗೆ ಮೂರು ಇಂಚಿನ ಒಂದು ನೀರು ಕೊಡಬೇಕು ಅಂದರೆ ಎಕರೆಗೆ ಒಂದು ಕ್ಯೂಸೆಕ್ ಮೂರು ಗಂಟೆ. ಕ್ಯಾಲ್ಕುಲೇಟರ್ ಬೇಕಿಲ್ಲ.

ಉಪಕಾಲುವೆಯ ಬಾಯಲ್ಲಿ ಫ್ಲೂಮ್ (ನೀರು ಅಳೆಯಲು ಕಟ್ಟಿದ ಇಕ್ಕಟ್ಟಾದ ಭಾಗ) ಮತ್ತು ಗೇಜ್ ಪಟ್ಟಿ ಇದ್ದರೆ ಅದನ್ನೇ ಓದಿ, ಎಷ್ಟು ಗೇಜಿಗೆ ಎಷ್ಟು ಕ್ಯೂಸೆಕ್ ಅನ್ನುವ, ಅದಕ್ಕೆ ಸೇರಿದ ಟೇಬಲ್‌ನ ಒಂದು ಜೆರಾಕ್ಸ್ ರಿಜಿಸ್ಟರ್‌ನ ಒಳಬದಿಗೆ ಅಂಟಿಸಿಕೊಳ್ಳಿ. ಗೇಜಿನ ಮೇಲೆ ಪಾಚಿ ಕಟ್ಟಿರುತ್ತದೆ, ಅಂಕಿ ಅಳಿಸಿರುತ್ತದೆ, ಪಾಳಿ ಶುರುವಾಗುವ ಮೊದಲು ಒಂದು ತೆಂಗಿನ ನಾರು ತಗೊಂಡು ಹೋಗಿ ಉಜ್ಜಿ ಬನ್ನಿ. ಗೇಜೇ ಇಲ್ಲ ಅಂದರೆ ತೇಲು ಬಿಟ್ಟು ಅಳೆಯಬಹುದು. ಕಾಲುವೆ ನೇರವಾಗಿರುವ 50 ಅಡಿ ಜಾಗ ಗುರುತು ಮಾಡಿ. ಒಂದು ಲಿಂಬೆಹಣ್ಣು ನಡುನೀರಿನಲ್ಲಿ ಬಿಟ್ಟು ಎಷ್ಟು ಸೆಕೆಂಡಿಗೆ ದಾಟಿತು ನೋಡಿ. ಮೂರು ಸಲ ನೋಡಿ ಸರಾಸರಿ ತೆಗೆಯಿರಿ. 40 ಸೆಕೆಂಡ್ ಅಂದುಕೊಳ್ಳಿ, ವೇಗ ಸೆಕೆಂಡಿಗೆ 1.25 ಅಡಿ. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುತ್ತದೆ, ಅದಕ್ಕೇ 0.85ರಿಂದ ಗುಣಿಸಬೇಕು, 1.06 ಆಯಿತು. ನೀರಿನ ಸರಾಸರಿ ಅಗಲ 3 ಅಡಿ, ಆಳ ಒಂದೂವರೆ ಅಡಿ ಇದ್ದರೆ 4.5 ಚದರ ಅಡಿ. ಗುಣಿಸಿದರೆ 4.8 ಕ್ಯೂಸೆಕ್. ಲಿಂಬೆಹಣ್ಣೇ ಯಾಕೆ ಅಂದರೆ ಅದು ಹೆಚ್ಚು ಭಾಗ ನೀರೊಳಗೇ ಇರುತ್ತದೆ, ಗಾಳಿಗೆ ಎಳೆದಾಡುವುದಿಲ್ಲ. ಥರ್ಮಾಕೋಲ್ ತುಂಡು ಬಿಟ್ಟರೆ ನಮ್ಮ ಕಡೆ ಗಾಳಿಗೆ ಅದು ಮೇಲ್ಮುಖವಾಗಿಯೂ ಹೋದೀತು.

ಈ ಅಳತೆಯಲ್ಲಿ ನೂರಕ್ಕೆ ಹತ್ತು ಹೆಚ್ಚುಕಮ್ಮಿ ಆಗುತ್ತದೆ. ಆಗಲಿ. 0.1 ಕ್ಯೂಸೆಕ್‌ಗಾಗಿ ಜಗಳ ಮಾಡುವವರಿಗೆ ಲಿಂಬೆಹಣ್ಣು ಕೈಗೆ ಕೊಟ್ಟು ನೀವೇ ಅಳೆದು ಬನ್ನಿ ಅನ್ನಿ.

ಇಂಗುವ ನೀರನ್ನು ಮೊದಲೇ ತಿಳಿದುಕೊಂಡಿರಿ. ಎಲ್ಲ ತೂಬು ಮುಚ್ಚಿಸಿ, ನೀರು ಒಂದು ಮಟ್ಟಕ್ಕೆ ಬಂದು ಒಂದೇ ಸಮ ಹರಿಯಲು ಶುರುವಾದ ಮೇಲೆ ಮೇಲ್ತುದಿ ಮತ್ತು ಕೆಳತುದಿ ಎರಡೂ ಕಡೆ ಅಳೆಯಿರಿ. ವ್ಯತ್ಯಾಸವೇ ನಷ್ಟ. ಪಾಳಿಯ ಮೊದಲ ದಿನ ಒಣಗಿ ಬಿರುಕು ಬಿಟ್ಟ ಎರೆಮಣ್ಣಿನ ಕಾಲುವೆ ಜಾಸ್ತಿ ಕುಡಿಯುತ್ತದೆ, ಎರಡನೇ ದಿನದಿಂದ ಕಮ್ಮಿ.

ನೀರು ನಡೆಯುವ ಹೊತ್ತು

ಇಡೀ ಲೆಕ್ಕದ ಕೀಲಿ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಮೇಲೆ ಗೇಟು ಎತ್ತಿದ ಕ್ಷಣಕ್ಕೆ ನೀರು ನಿಮ್ಮ ತೂಬಿಗೆ ಬರುವುದಿಲ್ಲ. ಕಾಲುವೆ ನೀರು ಗಂಟೆಗೆ ಎರಡೂವರೆ ಕಿಲೋಮೀಟರ್ ನಡೆಯುತ್ತದೆ ಅಂದುಕೊಂಡರೆ, 60 ಕಿಲೋಮೀಟರ್ ದೂರಕ್ಕೆ 24 ಗಂಟೆ. ಅಂದರೆ ಇವತ್ತು ಮುಂಜಾನೆ ನೀವು ಬೇಡ ಅಂದರೂ ನಾಳೆ ಮುಂಜಾನೆವರೆಗೆ ನೀರು ಬರುತ್ತಲೇ ಇರುತ್ತದೆ. ಅದು ಆಗಲೇ ದಾರಿಯಲ್ಲಿದೆ.

ಈ ಹೊತ್ತನ್ನು ಅಂದಾಜಿನಲ್ಲಿ ಬರೆಯಬೇಡಿ, ಒಂದು ಸಲ ಸರಿಯಾಗಿ ನೋಡಿಕೊಳ್ಳಿ. ಮೇಲಿನ ಗೇಟು ಏರಿಸಿದ ಸಮಯ ಫೋನಿನಲ್ಲಿ ಕೇಳಿಕೊಂಡು, ನಿಮ್ಮ ಗೇಜ್ ಏರಲು ಶುರುವಾದ ಸಮಯ ಬರೆದುಕೊಳ್ಳಿ. ಖಾಲಿ ಕಾಲುವೆಯಲ್ಲಿ ಒಂದು ಸಲ, ತುಂಬಿ ಹರಿಯುವಾಗ ಒಂದು ಸಲ. ಎರಡೂ ಬೇರೆ ಬೇರೆ ಬರುತ್ತದೆ. ಖಾಲಿ ಇದ್ದಾಗ ನೀರು ಪ್ರತಿ ತಗ್ಗನ್ನೂ ತುಂಬಿಕೊಂಡು ಬರಬೇಕು. ತುಂಬಿದ್ದಾಗ ಏರಿಳಿತ ಬೇಗ ಮುಟ್ಟುತ್ತದೆ.

ಇದು ನಮ್ಮೊಬ್ಬರ ಕಷ್ಟ ಅಲ್ಲ. ಆಸ್ಟ್ರೇಲಿಯಾದ ಮರ್ರೆ ನದಿಯಲ್ಲಿ ಹ್ಯೂಮ್ ಅಣೆಕಟ್ಟಿನಿಂದ ಬಿಟ್ಟ ನೀರು ಯಾರಾವೊಂಗ ಮುಟ್ಟಲು ಸುಮಾರು 4 ದಿನ ಬೇಕು. ಅಲ್ಲಿನ ರೈತರು ಮುಂಚಿತವಾಗಿ ನೀರು ಕೇಳುತ್ತಾರೆ, ನೀರು ದಾರಿಯಲ್ಲಿರುವಾಗ ಮಳೆ ಬಂದರೆ ಬೇಡ ಅನ್ನುತ್ತಾರೆ. ಹಾಗೆ ಬೇಡವಾದ ನೀರಿಗೆ ಅಲ್ಲಿ ಪ್ರತ್ಯೇಕ ಹೆಸರೇ ಇದೆ, ನಮ್ಮ ಮಾತಿನಲ್ಲಿ 'ಮಳೆ ತಳ್ಳಿದ ನೀರು' ಅನ್ನಬಹುದು. ಆ ನೀರು ಮುಂದೆ ಹೋಗಿ ಬಾರ್ಮಾ ಅನ್ನುವ ಕಡೆ ನದಿ ಇಕ್ಕಟ್ಟಾದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಒಣಗಿರಬೇಕಾದ ಕಾಡಿಗೆ ನುಗ್ಗುತ್ತದೆ. ನಮ್ಮಲ್ಲಿ ಕಾಡಿನ ಬದಲು ಮೆಣಸಿನಕಾಯಿ ಹೊಲ, ವ್ಯತ್ಯಾಸ ಅಷ್ಟೇ.

"ಉಪಕಾಲುವೆ ಬಾಯಲ್ಲೇ ಗೇಟು ಇಳಿಸಿದರೆ ಆಯಿತಲ್ಲ?" ಅಂತ ಹುಡುಗರು ಕೇಳುತ್ತಾರೆ. ನಾವೊಬ್ಬರೇ ಇಳಿಸಿದರೆ ಏನೂ ಆಗದು. ಮಳೆ ಬಂದ ಮುಂಜಾನೆ ಎಲ್ಲರೂ ಇಳಿಸುತ್ತಾರೆ, ಆಗ ದೊಡ್ಡ ಕಾಲುವೆ ಏರಿ ಎಲ್ಲೋ ಒಂದು ಕಡೆ ಒಡೆಯುತ್ತದೆ. ಮೇಲಿನವರಿಗೆ ಹೇಳದೆ ಗೇಟು ಮುಟ್ಟಬೇಡಿ.

ಕಿರ್ದಿ ಬರೆಯುವುದು

ಅಂಗಡಿಯವರ ಹಾಗೆ ಎರಡು ಪುಸ್ತಕ ಇಡಿ. ಕಿರ್ದಿ ದಿನದ್ದು, ಖತಾವಣಿ ಹೆಸರಿನದ್ದು. ಕಿರ್ದಿಯನ್ನು ಕಾಲುವೆ ದಂಡೆಯಲ್ಲೇ ಬರೆಯಬೇಕು, ಮನೆಗೆ ಬಂದು ನೆನಪಿನಲ್ಲಿ ಬರೆದದ್ದು ಕಿರ್ದಿಯಲ್ಲ, ಕಥೆ. ದಿನ ಅಂದರೆ ಮುಂಜಾನೆ 6ರಿಂದ ಮರುದಿನ ಮುಂಜಾನೆ 6. ನಡುರಾತ್ರಿ ಹನ್ನೆರಡಕ್ಕೆ ದಿನ ಬದಲಾಯಿಸಿದರೆ ರಾತ್ರಿ ಪಾಳಿಯವನ ನೀರು ಎರಡು ತುಂಡಾಗುತ್ತದೆ.

ಪ್ರತಿ ತೂಬಿಗೂ ಕೇಳಿದ್ದೆಷ್ಟು, ಎತ್ತಿದ್ದೆಷ್ಟು. ಉಪಕಾಲುವೆ ಬಾಯಲ್ಲಿ ಬಂದದ್ದೆಷ್ಟು. ಕೇಳಿದ್ದಕ್ಕೂ ಎತ್ತಿದ್ದಕ್ಕೂ ವ್ಯತ್ಯಾಸ ಇದ್ದರೆ ಅದನ್ನು ಈ ನಾಲ್ಕರಲ್ಲಿ ಯಾವುದಾದರೂ ಒಂದಕ್ಕೆ ಹಾಕಲೇಬೇಕು, 'ಇತರೆ' ಅನ್ನುವ ಕಾಲಂ ಮಾಡಲೇಬೇಡಿ:

ಬಾರದ ನೀರು: ಕೇಳಿದ್ದೆವು, ಮೇಲಿನಿಂದ ಬರಲೇ ಇಲ್ಲ.
ರದ್ದಾದ ನೀರು: ಹೊತ್ತಿಗೆ ಮುಂಚೆ ಬೇಡ ಅಂದೆವು, ಮೇಲೆ ಗೇಟು ಇಳಿಸಿದರು, ಹೊರಡಲೇ ಇಲ್ಲ.
ದಾಟಿಸಿದ ನೀರು: ಬಂತು, ನಾವು ಎತ್ತಲಿಲ್ಲ, ಕೆಳಗಿನವರು ಎತ್ತಿದರು.
ಹಳ್ಳದ ನೀರು: ಬಂತು, ಯಾರೂ ಎತ್ತಲಿಲ್ಲ, ಎಸ್ಕೇಪ್ ಗೇಟಿನಿಂದ ಹಳ್ಳಕ್ಕೆ ಹೋಯಿತು.

ಬೇಡ ಅಂದ ಸಮಯ ಬರೆಯುವುದು ಮುಖ್ಯ. ಬರೀ ಬಾಯಿಮಾತು ಬೇಡ. ವಾಟ್ಸಾಪಿನಲ್ಲಿ "ತೂಬು 1, ನಾಳೆಯಿಂದ ಬೇಡ" ಅಂತ ಒಂದು ಸಾಲು ಹಾಕಿದರೆ ಸಮಯ ತಾನಾಗಿಯೇ ಬಿದ್ದಿರುತ್ತದೆ. ಓದು-ಬರಹ ಬಾರದ ಕಾಕಾ ಇದ್ದರೆ ವಾಯ್ಸ್ ಮೆಸೇಜ್ ಸಾಕು. ಸೆಕ್ಷನ್ ಇಂಜಿನಿಯರ್‌ಗೆ ನೀವು ತಿಳಿಸಿದ ಸಮಯವನ್ನೂ ಬರೆಯಿರಿ, ರೈತ ನಿಮಗೆ ಹೇಳಿದ ಸಮಯ ಬೇರೆ, ನೀವು ಮೇಲೆ ಹೇಳಿದ ಸಮಯ ಬೇರೆ, ನಡುವೆ ನೀವು ಚಹಾ ಕುಡಿಯುತ್ತ ಕೂತಿದ್ದರೆ ಆ ನೀರು ನಿಮ್ಮದು.

ಕಾರಣವನ್ನೂ ಒಂದು ಪದದಲ್ಲಿ ಬರೆಯಿರಿ. ಮಳೆ. ಕೂಲಿ ಸಿಗಲಿಲ್ಲ. ಔಷಧಿ ಹೊಡೆದಿದ್ದರು. ಸಾವು. ಮಳೆ ಅಂತ ಬರೆದರೆ ಎಷ್ಟು ಅಂತಲೂ ಇರಲಿ, ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿ ಇಟ್ಟು ಸ್ಕೇಲಿನಿಂದ ಅಳೆದರೆ ಆಯಿತು, 25 ಮಿಲಿಮೀಟರ್ ಅಂದರೆ ಒಂದು ಇಂಚು. ಎರಡು ಕಡೆ ಇಡಿ. ನಮ್ಮ ಕಡೆ ಮಳೆ ಎತ್ತಿನ ಒಂದು ಕೋಡು ನೆನೆಸಿ ಇನ್ನೊಂದು ಬಿಡುವ ಜಾತಿಯದ್ದು. ಮೇಲ್ತುದಿಯಲ್ಲಿ ಕೆಸರು, ಕೆಳತುದಿಯಲ್ಲಿ ಧೂಳು, ಎಷ್ಟೋ ಸಲ ನೋಡಿದ್ದೇನೆ.

ಒಂದು ಪಾಳಿ, ನಾಲ್ಕು ದಿನ

ಲೆಕ್ಕ ಕೈಗೆ ಹತ್ತಬೇಕು ಅಂದರೆ ಒಂದು ಪಾಳಿಯನ್ನು ಪೂರ್ತಿ ಬರೆದು ನೋಡಬೇಕು. ಅಂಕಿಗಳು ಸುಲಭವಾಗಲಿ ಅಂತ ನಾನೇ ಹಾಕಿದ್ದು. ನಾಲ್ಕು ತೂಬು. ತೂಬು 1 ದಿನಕ್ಕೆ 3 ಕ್ಯೂಸೆಕ್ ಕೇಳಿದೆ, ತೂಬು 2 ಎರಡು, ತೂಬು 3 ಎರಡು, ಕೊನೆಯ ತೂಬು 4 ಅರ್ಧ. ಇಂಗುವುದಕ್ಕೆ ಅರ್ಧ. ಒಟ್ಟು 8. ನಾಲ್ಕು ದಿನಕ್ಕೆ 32 ಕ್ಯೂಸೆಕ್-ದಿನ.

ಮೊದಲ ದಿನ 8ರ ಬದಲು 7 ಬಂತು. ತೂಬು 1 ಮೂರು ಎತ್ತಿತು, ತೂಬು 2 ಎರಡು, ತೂಬು 3ಕ್ಕೆ ಒಂದೂವರೆ ಸಿಕ್ಕಿತು, ತೂಬು 4ಕ್ಕೆ ಸೊನ್ನೆ. ಇಂಗಿದ್ದು ಅರ್ಧ. ಬಾರದ ನೀರು ಒಂದು: ಅರ್ಧ ತೂಬು 3ರದ್ದು, ಅರ್ಧ ತೂಬು 4ರದ್ದು. ಕಮ್ಮಿ ಬಂದಾಗಲೆಲ್ಲ ಹೊಡೆತ ಕೆಳಗಿನವರಿಗೇ, ಗಮನಿಸಿ.

ಎರಡನೇ ದಿನ 8 ಬಂತು, ಎಲ್ಲರೂ ಕೇಳಿದಷ್ಟು ಎತ್ತಿದರು. ಆ ರಾತ್ರಿ ಎರಡು ಗಂಟೆಗೆ ಮೇಲ್ತುದಿಯಲ್ಲಿ ಮಳೆ. ತೂಬು 1ರವರು ಮುಂಜಾನೆ ಐದೂವರೆಗೆ ಫೋನ್ ಮಾಡಿದರು: "ರಾತ್ರಿ ಮಳಿ ಹೊಡದದ, ನಮಗ ನೀರು ಬ್ಯಾಡ್ರಿ." ತೂಬು 2ರವರು ಏನೂ ಹೇಳದೆ ಅರ್ಧ ಮುಚ್ಚಿದರು, ನೀರುಗಂಟಿ ಹೋಗಿ ನೋಡಿದ ಮೇಲೇ ಗೊತ್ತಾದದ್ದು. ಆರು ಗಂಟೆಗೆ ಸರಿಯಾಗಿ ಮೇಲೆ ತಿಳಿಸಿದೆವು, ನಾಳೆಯಿಂದ 4 ಸಾಕು ಅಂತ.

ಮೂರನೇ ದಿನ ಹಾಗಾಗಿ 8 ಬಂದೇ ಬಂತು. ತೂಬು 1 ಸೊನ್ನೆ, ತೂಬು 2 ಒಂದು, ತೂಬು 3 ಎರಡು. ತೂಬು 4ರವರಿಗೆ ಹೇಳಿ ಕಳಿಸಿದೆವು, ಅಲ್ಲಿ ಹನಿ ಮಳೆಯೂ ಇಲ್ಲ, ಅವರು ಖುಷಿಯಿಂದ ಒಂದೂವರೆ ಎತ್ತಿದರು, ಅಂದರೆ ಕೇಳಿದ್ದಕ್ಕಿಂತ ಒಂದು ಜಾಸ್ತಿ. ಇಂಗಿದ್ದು ಅರ್ಧ. ಉಳಿದ 3 ಹಳ್ಳಕ್ಕೆ.

ಆ ದಿನ ಎತ್ತದ ನೀರು 4: ತೂಬು 1ರದ್ದು 3, ತೂಬು 2ರದ್ದು 1. ಇದರಲ್ಲಿ 1 ದಾಟಿತು, 3 ಹಳ್ಳ ಹಿಡಿಯಿತು. ಯಾರ ನೀರು ದಾಟಿತು, ಯಾರದ್ದು ಹಳ್ಳಕ್ಕೆ ಹೋಯಿತು ಅಂತ ನೀರಿನ ಮೇಲೆ ಹೆಸರು ಬರೆದಿರುವುದಿಲ್ಲ, ಆದ್ದರಿಂದ 3ಕ್ಕೆ 1ರ ಪ್ರಮಾಣದಲ್ಲಿ ಹಂಚಿ. ದಾಟಿಸಿದ್ದು ತೂಬು 1ಕ್ಕೆ 0.75, ತೂಬು 2ಕ್ಕೆ 0.25. ಹಳ್ಳದ್ದು 2.25 ಮತ್ತು 0.75.

ನಾಲ್ಕನೇ ದಿನ ಇಳಿಸಿದ ಹರಿವು ಮುಟ್ಟಿತು, 4 ಬಂತು. ತೂಬು 2 ಒಂದು, ತೂಬು 3 ಎರಡು, ತೂಬು 4 ಅರ್ಧ, ಇಂಗಿದ್ದು ಅರ್ಧ. ತೂಬು 1ರ 3, ತೂಬು 2ರ 1 ರದ್ದಾದ ನೀರು.

ಈಗ ತಾಳೆ ನೋಡಿ. ಕೇಳಿದ್ದು 32. ಬಂದದ್ದು 7, 8, 8, 4, ಒಟ್ಟು 27. ಕಮ್ಮಿಯಾದ 5ರಲ್ಲಿ 1 ಬಾರದ್ದು, 4 ರದ್ದಾದದ್ದು. ಬಂದ 27ರಲ್ಲಿ ಎತ್ತಿದ್ದು 22, ಇಂಗಿದ್ದು 2, ಹಳ್ಳಕ್ಕೆ 3. ಹೊಂದಿತು. ಎತ್ತಿದ 22 ಅಂದರೆ ದಿನಕ್ಕೆ ಐದೂವರೆ.

ಹೆಸರಿನ ಪ್ರಕಾರವೂ ಹೊಂದಬೇಕು. ತೂಬು 1 ಕೇಳಿದ್ದು 12: ಎತ್ತಿದ್ದು 6, ರದ್ದು 3, ದಾಟಿಸಿದ್ದು 0.75, ಹಳ್ಳ 2.25. ತೂಬು 2 ಕೇಳಿದ್ದು 8: ಎತ್ತಿದ್ದು 6, ರದ್ದು 1, ದಾಟಿಸಿದ್ದು 0.25, ಹಳ್ಳ 0.75. ತೂಬು 3 ಕೇಳಿದ್ದು 8: ಎತ್ತಿದ್ದು 7.5, ಬಾರದ್ದು 0.5. ತೂಬು 4 ಕೇಳಿದ್ದು 2, ಎತ್ತಿದ್ದು 2.5, ಅದರಲ್ಲಿ 1 ಮೇಲಿನವರು ದಾಟಿಸಿದ್ದು, ಮೊದಲ ದಿನದ 0.5 ಬಾರದ್ದು.

ಹಳ್ಳಕ್ಕೆ ಹೋದ 3 ಕ್ಯೂಸೆಕ್-ದಿನ ಅಂದರೆ 72 ಗಂಟೆ-ಕ್ಯೂಸೆಕ್. ಮೇಲೆ ಹೇಳಿದ ಎಕರೆ-ಇಂಚಿನ ಲೆಕ್ಕ ಹಾಕಿ. ಮೂರು ಇಂಚಿನಂತೆ ಸುಮಾರು 24 ಎಕರೆ ಹತ್ತಿಗೆ ಒಂದು ನೀರು. ಸಭೆಯಲ್ಲಿ ಕ್ಯೂಸೆಕ್ ಅಂದರೆ ಯಾರೂ ತಲೆ ಎತ್ತುವುದಿಲ್ಲ, 24 ಎಕರೆ ಅಂದ ಕೂಡಲೇ ಎಲ್ಲರೂ ಎದ್ದು ಕೂರುತ್ತಾರೆ.

ಯಾರ ಹೆಸರಿಗೆ?

ಲೆಕ್ಕ ಹೊಂದಿಸುವುದು ಸುಲಭದ ಕೆಲಸ. ಹೆಸರಿಗೆ ಹಾಕುವುದೇ ಕಷ್ಟ, ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ.

ಬಾರದ ನೀರನ್ನು ರೈತನ ಖಾತೆಗೆ ಖರ್ಚು ಹಾಕಬಾರದು, ಅದು ಅವನಿಗೆ ಸಿಗಬೇಕಾದ ಬಾಕಿ. ಮುಂದಿನ ಪಾಳಿಯಲ್ಲಿ ನೀರು ಮಿಕ್ಕಿದರೆ ಮೊದಲು ಅವನಿಗೆ. ರದ್ದಾದ ನೀರು ಯಾರ ಖಾತೆಗೂ ಇಲ್ಲ. ದಾಟಿಸಿದ್ದು ಎತ್ತಿದವನ ಖಾತೆಗೆ, ಆದರೆ ಬರೆಯುವಾಗ ಯಾರಿಂದ ಬಂತು ಅನ್ನುವುದೂ ಇರಲಿ.

ಹಳ್ಳದ ನೀರು ಮಾತ್ರ ಮೊದಲು ನಾವು ತಪ್ಪು ಮಾಡಿದ ಜಾಗ. ಕೇಳಿದವರ ಹೆಸರಿಗೇ ಪೂರ್ತಿ ಹಾಕಿ, ಮುಂದಿನ ಪಾಳಿಯಲ್ಲಿ ಅಷ್ಟು ಕಡಿಮೆ ಅಂತ ನಿಯಮ ಮಾಡಿದೆವು. ನ್ಯಾಯವಾಗಿಯೇ ಕಾಣುತ್ತಿತ್ತು. ಏನಾಯಿತು ಗೊತ್ತಾ? ಮಳೆ ಬಂದರೂ ಯಾರೂ ಫೋನ್ ಮಾಡಲಿಲ್ಲ. ಹೇಗೂ ತಮ್ಮ ಹೆಸರಿಗೆ ಬರುತ್ತದೆ ಅಂತ ಮಳೆ ಬಿದ್ದ ಹೊಲಕ್ಕೇ ಕಾಲುವೆ ನೀರನ್ನೂ ಬಿಟ್ಟುಕೊಂಡರು. ಎರೆಹೊಲದಲ್ಲಿ ಹತ್ತಿಗಿಡ ನೀರು ನಿಂತು ಹಳದಿಯಾಯಿತು, ತಗ್ಗಿನ ಹೊಲದವರಿಗೆ ಜವಳು ಶುರು. ಕಿರ್ದಿಯಲ್ಲಿ ಮಾತ್ರ ಎಲ್ಲವೂ ಚಂದ, ಕೇಳಿದ್ದೂ ಎತ್ತಿದ್ದೂ ಒಂದೇ! ಹಳ್ಳದ ಕಾಲಂ ಸೊನ್ನೆ ಅಂತ ನಾನು ಖುಷಿಪಟ್ಟುಕೊಂಡಿದ್ದೆ, ದಡ್ಡ ನಾನು.

ಆಮೇಲೆ ಬದಲಾಯಿಸಿದ್ದು ಹೀಗೆ. ಮುಂಜಾನೆ 7ರೊಳಗೆ ತಿಳಿಸಿದವರ ಹಳ್ಳದ ನೀರು ಸಂಘದ 'ಮಳೆ ಖಾತೆ'ಗೆ ಹೋಗುತ್ತದೆ, ಎಲ್ಲರೂ ಎಕರೆ ಪ್ರಕಾರ ಹಂಚಿಕೊಳ್ಳುತ್ತಾರೆ. ತಿಳಿಸದೆ ಮುಚ್ಚಿದವರದ್ದು ಅವರ ಹೆಸರಿಗೇ. ಮೇಲಿನ ಉದಾಹರಣೆಯಲ್ಲಿ ತೂಬು 1ರ 2.25 ಮಳೆ ಖಾತೆಗೆ, ತೂಬು 2ರ 0.75 ಅವರ ಸ್ವಂತ ಖಾತೆಗೆ. ಜಾಸ್ತಿ ನೀರು ಬಿಟ್ಟದ್ದು ತೂಬು 1 ಆದರೂ ಭಾರ ಬಿದ್ದದ್ದು ತೂಬು 2ರ ಮೇಲೆ. ಇದು ಅನ್ಯಾಯ ಅಂತ ತೂಬು 2ರಂಥವರು ಕೂಗಾಡುತ್ತಾರೆ, ಕೂಗಾಡಲಿ. ಮಳೆಯನ್ನು ಯಾರೂ ತಡೆಯಲಾರರು, ಫೋನ್ ಎತ್ತಬಹುದು. ಐದೂವರೆಗೆ ಬಂದ ಆ ಫೋನಿನಿಂದಲೇ ನಾಲ್ಕನೇ ದಿನದ ನೀರು ಉಳಿಯಿತು.

ಮಳೆ ಇಲ್ಲದೆ, ಸುಮ್ನೆ ಜಾಸ್ತಿ ಕೇಳಿಟ್ಟುಕೊಳ್ಳುವವರು ಬೇರೆ. ಬಂದರೆ ಬರಲಿ ಅಂತ ಎರಡು ಬೇಕಾದಲ್ಲಿ ಮೂರು ಕೇಳುತ್ತಾರೆ, ಭತ್ತ ಹಾಕಿದವರಲ್ಲಿ ಈ ಚಟ ಜಾಸ್ತಿ. ಈ ಕಾಲುವೆಗಳನ್ನು ಭತ್ತಕ್ಕಾಗಿ ಲೆಕ್ಕ ಹಾಕಿ ಕಟ್ಟಿದ್ದಲ್ಲ, ಅದು ಎಲ್ಲರಿಗೂ ಗೊತ್ತು. ಅಂಥವರ ಖತಾವಣಿಯಲ್ಲಿ ಮೂರು ಪಾಳಿಯ ಕೇಳಿದ್ದು-ಎತ್ತಿದ್ದು ಪಕ್ಕಪಕ್ಕ ಬರೆದು ತೋರಿಸಿ, ನಾಲ್ಕನೇ ಪಾಳಿಗೆ ಅವರ ಸರಾಸರಿಯಷ್ಟೇ ಮೇಲೆ ಕಳಿಸಿ. ವಾದ ಬೇಡ, ಪುಟ ತಿರುಗಿಸಿ ತೋರಿಸಿದರೆ ಸಾಕು.

ನದಿ ದಂಡೆಯಲ್ಲಿ ಪಂಪು ಇಟ್ಟವರಿಗೆ

ಅಫಜಲಪುರದ ಸೊನ್ನ ಬ್ಯಾರೇಜಿನ ಹಿನ್ನೀರಿನಲ್ಲೋ, ಭೀಮೆಯ ದಂಡೆಯಲ್ಲೋ ಮೋಟರ್ ಇಟ್ಟವರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಎತ್ತದ ನೀರು ಹಳ್ಳಕ್ಕೆ ಹೋಗುವುದಿಲ್ಲ, ಬ್ಯಾರೇಜಿನಲ್ಲೇ ನಿಂತಿರುತ್ತದೆ, ಬಿಸಿಲಿಗೆ ಆವಿಯಾಗುವಷ್ಟು ಬಿಟ್ಟು. ಹಾಗಾಗಿ ಹಳ್ಳದ ಕಾಲಂ ಬದಲು 'ನಿಂತ ನೀರು' ಅಂತ ಇಡಿ, ಅದನ್ನು ಯಾರ ಖಾತೆಗೂ ಖರ್ಚು ಹಾಕಬೇಡಿ. ಬ್ಯಾರೇಜಿನ ಗೇಟು ಎತ್ತಿದ ದಿನ ಮಾತ್ರ ನಿಂತದ್ದೆಲ್ಲ ಹೋಯಿತು, ಬಾಕಿಯನ್ನು ಸೊನ್ನೆ ಮಾಡಿ ಹೊಸದಾಗಿ ಶುರು ಮಾಡಿ.

ಎತ್ತಿದ್ದನ್ನು ಗಂಟೆಯಲ್ಲಿ ಅಳೆಯಿರಿ. 200 ಲೀಟರ್ ಡ್ರಮ್ 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್, ಏಳು ಗಂಟೆ ತ್ರೀ-ಫೇಸ್ ಕರೆಂಟ್ ಇದ್ದರೆ 2.52 ಲಕ್ಷ ಲೀಟರ್. ಒಂದು ಎಕರೆ-ಇಂಚಿಗೆ ಸುಮಾರು 1.03 ಲಕ್ಷ ಲೀಟರ್, ಹಾಗಾಗಿ ಎರಡೂವರೆ ಎಕರೆ-ಇಂಚಿನ ಹತ್ತಿರ. ನದಿ ಇಳಿದಂತೆ ಮೋಟರ್ ಎತ್ತುವುದೂ ಕಮ್ಮಿಯಾಗುತ್ತದೆ, ಡ್ರಮ್ ಪರೀಕ್ಷೆಯನ್ನು ಹದಿನೈದು ದಿನಕ್ಕೊಮ್ಮೆ ಮತ್ತೆ ಮಾಡಿ. ಎತ್ತದ ಕಾರಣಗಳಲ್ಲಿ ಇಲ್ಲಿ ಮಳೆಗಿಂತ ಹೆಚ್ಚಾಗಿ ಬರೆಯುವ ಪದ 'ಕರೆಂಟ್'.

ಪಾಳಿ ಮುಗಿದ ಮೇಲೆ

ಬಂದ್ ಆದ ಎರಡು ದಿನದೊಳಗೆ ಕಿರ್ದಿಯಿಂದ ಖತಾವಣಿಗೆ ಏರಿಸಿ. ಮೂರು ಸಲ ಕೂಡಿ ನೋಡಿ: ದಿನದ ಪ್ರಕಾರ ಅಡ್ಡಲಾಗಿ, ತೂಬಿನ ಪ್ರಕಾರ ಉದ್ದಕ್ಕೆ, ಕೊನೆಗೆ ಬಂದದ್ದು ಮತ್ತು ಎತ್ತಿದ್ದು-ಇಂಗಿದ್ದು-ಹಳ್ಳದ್ದು. ಹೊಂದದಿದ್ದರೆ ಇಂಗುವ ನೀರಿನ ಅಂಕಿಯನ್ನು ಎಳೆದಾಡಿ ಹೊಂದಿಸುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ವ್ಯತ್ಯಾಸವನ್ನು 'ತಾಳೆಯಾಗದ್ದು' ಅಂತ ಕೆಂಪು ಶಾಯಿಯಲ್ಲಿ ಬರೆದು ಬಿಡಿ. ಎರಡು ಮೂರು ಪಾಳಿ ಒಂದೇ ಕಡೆಗೆ ವಾಲುತ್ತಿದ್ದರೆ ಎಲ್ಲೋ ಒಂದು ಪೈಪು ಇದೆ ಅಂತ ಅರ್ಥ. ರಾತ್ರಿ ಬ್ಯಾಟರಿ ಹಿಡಿದು ಒಡ್ಡಿನ ಮೇಲೆ ನಡೆಯಿರಿ, ಒಬ್ಬರೇ ಹೋಗಬೇಡಿ.

ಬಾಕಿಗಳನ್ನು ಹಂಗಾಮು ಮುಗಿಯುವವರೆಗೆ ಮಾತ್ರ ಮುಂದಕ್ಕೆ ಒಯ್ಯಿರಿ. ಮುಂಗಾರಿನ ಬಾಕಿಯನ್ನು ಹಿಂಗಾರಿಗೆ ತಂದರೆ ಲೆಕ್ಕ ಹಗೆತನವಾಗುತ್ತದೆ.

ಖತಾವಣಿಯ ಒಂದು ಪ್ರತಿಯನ್ನು ಪಂಚಾಯಿತಿ ಕಟ್ಟೆಯಲ್ಲೋ ಗುಡಿಯ ಗೋಡೆಗೋ ಅಂಟಿಸಿ, ಸಭೆಗೆ ಮುಂಚೆ ನಾಲ್ಕು ದಿನ ಜನ ಓದಲಿ. ತಪ್ಪಿದ್ದರೆ ಅಲ್ಲೇ ಪೆನ್ನಿನಿಂದ ಗುರುತು ಹಾಕಿರುತ್ತಾರೆ, ಬೈಗುಳವನ್ನೂ ಬರೆದಿರುತ್ತಾರೆ. ಮುಂದಿನ ಪಾಳಿಯ ಕಿರ್ದಿಯ ಮೊದಲ ಪುಟದಲ್ಲಿ ಬರೆಯಬೇಕಾದದ್ದು ಎರಡೇ ಸಾಲು: ಬಾರದ ನೀರಿನ ಬಾಕಿ, ತೂಬು 3ಕ್ಕೆ 0.5, ತೂಬು 4ಕ್ಕೆ 0.5. ತಿಳಿಸದೆ ಬಿಟ್ಟದ್ದು, ತೂಬು 2ರದ್ದು 0.75. ಅದರ ಕೆಳಗೆ ಹೊಸ ಪಾಳಿಯ ತಾರೀಖು ಹಾಕಿ, ಗೇಜ್ ಉಜ್ಜಲು ಹೋಗಿ.